ಅಂಕಪಟ್ಟಿಯೊಳಗೆ ಸೇರಿಕೊಂಡ ಮನೆ

2024ರ ಮಾರ್ಚ್ 11, ಸೋಮವಾರ. ಕರ್ನಾಟಕದ ಐದು, ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳು ಬೋರ್ಡ್ ಪರೀಕ್ಷೆ ಬರೆಯಲು ಕುಳಿತರು. ಅದಕ್ಕೆ ಐದು ದಿನ ಮೊದಲು ಹೈಕೋರ್ಟಿನ ಏಕಸದಸ್ಯ ಪೀಠ ಆ ಪರೀಕ್ಷೆಯನ್ನೇ ರದ್ದು ಮಾಡಿತ್ತು. ಮರುದಿನ ವಿಭಾಗೀಯ ಪೀಠ ರದ್ದತಿಗೆ ತಡೆ ಕೊಟ್ಟಿತು. ಪರೀಕ್ಷೆ ಶುರುವಾದ ಎರಡನೇ ದಿನ, 12ರಂದು, ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆದುಹಾಕಿತು. ಪರೀಕ್ಷೆ ಅರ್ಧಕ್ಕೇ ನಿಂತಿತು. 22ರಂದು ವಿಭಾಗೀಯ ಪೀಠ ಸರ್ಕಾರದ ಪರ ತೀರ್ಪು ಕೊಟ್ಟಿತು, 25ರಿಂದ ಉಳಿದ ವಿಷಯಗಳ ಪರೀಕ್ಷೆ ನಡೆಯಿತು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಮತ್ತೆ ಮಧ್ಯೆ ಬಂದು, ಫಲಿತಾಂಶ ಹೇಳಬೇಡಿ ಎಂದಿತು. ಹತ್ತು ವರ್ಷದ ಮಕ್ಕಳು ಆ ಒಂದು ತಿಂಗಳಲ್ಲಿ ಪರಿಸರ ಅಧ್ಯಯನಕ್ಕಿಂತ ಹೆಚ್ಚಾಗಿ ನಮ್ಮ ನ್ಯಾಯಾಂಗದ ಮೆಟ್ಟಿಲುಗಳನ್ನೇ ಕಲಿತಿರಬೇಕು.

ಎರಡೂ ಕಡೆಯ ವಾದದಲ್ಲಿ ಹುರುಳಿತ್ತು. ಮಕ್ಕಳ ಕಲಿಕೆ ಎಲ್ಲಿ ನಿಂತಿದೆಯೆಂದು ತಿಳಿಯಬೇಕು, ಯಾರನ್ನೂ ಫೇಲ್ ಮಾಡುವ ಉದ್ದೇಶ ನಮಗಿಲ್ಲ ಎಂದು ಸರ್ಕಾರ ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸಾಗಬೇಕಿಲ್ಲ ಎನ್ನುತ್ತದೆ ಎಂದು ಖಾಸಗಿ ಶಾಲೆಗಳ ಸಂಘಟನೆಗಳು ತೋರಿಸಿದವು. ಅದರ ಹಿಂದಿನ ಸೆಕ್ಷನ್ನೇ ವರ್ಷವಿಡೀ ನಡೆಯುವ ನಿರಂತರ, ವ್ಯಾಪಕ ಮೌಲ್ಯಮಾಪನವನ್ನು ಕೇಳುತ್ತದೆ. 2019ರ ತಿದ್ದುಪಡಿ ಐದು ಮತ್ತು ಎಂಟನೇ ತರಗತಿಯಲ್ಲಿ ವರ್ಷದ ಕೊನೆಗೆ ಪರೀಕ್ಷೆ, ಬೇಕಿದ್ದರೆ ಎರಡು ತಿಂಗಳೊಳಗೆ ಮರುಪರೀಕ್ಷೆ ನಡೆಸಲು ಬಾಗಿಲು ತೆರೆಯಿತು. ವಕೀಲರು ಈ ಸೆಕ್ಷನ್ನುಗಳ ಮೇಲೆ ಗಂಟೆಗಟ್ಟಲೆ ವಾದಿಸಿದರು. ಪರೀಕ್ಷೆ ನಡೆಸಬಹುದೇ ಎಂಬುದೇ ಅಲ್ಲಿ ಇಡೀ ವ್ಯಾಜ್ಯ. ಪರೀಕ್ಷೆ ಅಳೆಯುವುದು ಏನನ್ನು ಎಂಬುದು ಕೋರ್ಟಿನ ತಲೆನೋವಲ್ಲ. ಆದರೆ ಅಪ್ಪ ಅಮ್ಮಂದಿರದ್ದು ಹೌದು, ಮೇಷ್ಟ್ರುಗಳದ್ದೂ ಹೌದು.

ಐದನೇ ತರಗತಿಯ ಮಗುವಿಗೆ ಗಣಿತದಲ್ಲಿ ನಲವತ್ತಕ್ಕೆ ಹದಿಮೂರು ಬಂತು ಎನ್ನೋಣ. ಆ ಹದಿಮೂರರಲ್ಲಿ ಮಗು ಕಲಿತದ್ದಿದೆ, ಮೇಷ್ಟ್ರು ಕಲಿಸಿದ್ದಿದೆ. ಜೊತೆಗೆ ಆ ಮನೆ ಕಳೆದ ಒಂದು ವರ್ಷವೂ ಇದೆ: ಯಾರಿಗೆ ಕಾಯಿಲೆಯಾಯಿತು, ಯಾವ ಸಾಲದ ಕಂತು ತಪ್ಪಿತು, ರಾತ್ರಿ ಎಷ್ಟು ಹೊತ್ತಿಗೆ ಗಲಾಟೆ ನಿಂತಿತು. ಇದು ಮರುಕದ ಮಾತಲ್ಲ, ಅಳತೆಯ ಮಾತು. ಅಂಕವನ್ನು ಮಗುವಿನ ಸ್ವಂತ ಗುಣವೆಂದು ಓದುವುದು ಲೆಕ್ಕದಲ್ಲೇ ತಪ್ಪು.

ಈ ತಪ್ಪಿನ ಬಗ್ಗೆ ಹಿಂದೆಯೇ ಎಚ್ಚರಿಸಿದವನು ಬುದ್ಧಿಶಕ್ತಿ ಪರೀಕ್ಷೆಯನ್ನು ಹುಟ್ಟುಹಾಕಿದವನೇ. 1904ರಲ್ಲಿ ಫ್ರಾನ್ಸ್ ಸರ್ಕಾರ, ತರಗತಿಯ ಪಾಠ ಹತ್ತದ ಮಕ್ಕಳನ್ನು ಗುರುತಿಸುವುದು ಹೇಗೆಂದು ನೋಡಲು ಒಂದು ಸಮಿತಿ ಮಾಡಿತು. ಅದರಲ್ಲಿದ್ದ ಆಲ್ಫ್ರೆಡ್ ಬಿನೆ, ತನ್ನ ಜೊತೆಗಾರ ತಿಯೋಡೋರ್ ಸಿಮೋನನೊಂದಿಗೆ ಸೇರಿ ಮರುವರ್ಷ ಮೂವತ್ತು ಪುಟ್ಟ ಚಟುವಟಿಕೆಗಳ ಒಂದು ಮಾಪಕ ತಯಾರಿಸಿದ. ಯಾವ ಮಗುವಿಗೆ ಹೆಚ್ಚಿನ ನೆರವು ಬೇಕೆಂದು ತಿಳಿಯುವುದಷ್ಟೇ ಅದರ ಕೆಲಸ. ಬುದ್ಧಿ ಹುಟ್ಟಿನಿಂದ ಇಷ್ಟೇ ಎಂದು ನಿಗದಿಯಾಗಿಬಿಟ್ಟ ಪ್ರಮಾಣ, ಅದನ್ನು ಹೆಚ್ಚಿಸಲಾಗದು ಎನ್ನುವವರ ನಿರಾಶಾವಾದವನ್ನು ಬಿನೆ 1909ರಲ್ಲೇ ಕಟುವಾಗಿ ಖಂಡಿಸಿದ. 1911ರಲ್ಲಿ ಅವನು ತೀರಿಕೊಂಡ ಮೇಲೆ ಮಾಪಕ ಅಮೆರಿಕದವರ ಕೈಯಲ್ಲಿ ಬೆಳೆಯಿತು. ನೆರವಿಗೆ ಮಾಡಿದ ಸಾಧನ ಹಣೆಬರಹ ಓದುವ ಸಾಧನವಾಯಿತು.

ಆ ಮಾಪಕಕ್ಕೆ ಕನ್ನಡದ ನಂಟೂ ಇದೆ. 1934ರಲ್ಲಿ ವಿ.ವಿ. ಕಾಮತರು ಅದನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿ ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂದು ಇವತ್ತಿಗೂ ಅದು ಬಳಕೆಯಲ್ಲಿದೆ; ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರಕ್ಕೆಂದು ಆಸ್ಪತ್ರೆಗೆ ಹೋದವರು ಬಿಕೆಟಿ ಎಂಬ ಮೂರಕ್ಷರವನ್ನು ವರದಿಯಲ್ಲಿ ನೋಡಿರುತ್ತಾರೆ. ಅದು ಆ ಕಾಲಕ್ಕೆ ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ರೇಡಿಯೊ ಕೂಡ ಅಪರೂಪವಾಗಿದ್ದ ಕಾಲದ ಮಕ್ಕಳನ್ನು ಕೂರಿಸಿ ಕಟ್ಟಿದ ಮಾಪಕ ಎಂಬುದನ್ನು ಫಲಿತಾಂಶ ಓದುವವರು ಮರೆಯಬಾರದು. ಯಾವ ಮಕ್ಕಳ ನಡುವೆ, ಯಾವ ಮನೆಗಳ ನಡುವೆ ಕಟ್ಟಿದ್ದು ಎಂಬುದು ಪ್ರತಿ ಪರೀಕ್ಷೆಯ ಒಳಗೂ ಕೂತಿರುತ್ತದೆ.

ಓದುವುದನ್ನೇ ತೆಗೆದುಕೊಳ್ಳಿ. 2005ರಿಂದ ಪ್ರಥಮ್ ಸಂಸ್ಥೆಯ ನೆರವಿನಲ್ಲಿ ನಡೆಯುತ್ತಿರುವ 'ಅಸರ್' ಸಮೀಕ್ಷೆ ಹಳ್ಳಿ ಮನೆಗಳ ಜಗಲಿಗೇ ಹೋಗಿ, ಒಂದೊಂದೇ ಮಗುವನ್ನು ಕೂರಿಸಿಕೊಂಡು ಅಕ್ಷರ, ಪದ, ಒಂದನೇ ತರಗತಿಯ ನಾಲ್ಕು ಸಾಲು, ಎರಡನೇ ತರಗತಿಯ ಪುಟ್ಟ ಕತೆ, ಹೀಗೆ ಓದಿಸುತ್ತದೆ. ಮೂರನೇ ತರಗತಿಯಲ್ಲಿದ್ದು ಎರಡನೇ ತರಗತಿಯ ಕತೆ ಓದಬಲ್ಲ ಮಕ್ಕಳು ದೇಶದಲ್ಲಿ 2018ರಲ್ಲಿ ಶೇ 27ರಷ್ಟಿದ್ದರು. ಕೋವಿಡ್ ಮುಗಿದ ಮೇಲೆ, 2022ರಲ್ಲಿ, ಶೇ 20.5ಕ್ಕೆ ಇಳಿಯಿತು. 2024ಕ್ಕೆ ಮತ್ತೆ ಶೇ 27ರ ಆಸುಪಾಸು. ಈ ಅಂಕಿಗಳು ಬಂದಾಗಲೆಲ್ಲ ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೆ ಬೈಗುಳದ ಸುಗ್ಗಿ.

ಕನ್ನಡದ ಮಗುವಿನ ಮುಂದಿರುವ ಕೆಲಸ ಎಷ್ಟು ದೊಡ್ಡದೆಂದು ಬೈಯುವವರು ಲೆಕ್ಕ ಹಾಕಿದಂತಿಲ್ಲ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ. ನಮ್ಮಲ್ಲಿ ಕಾಗುಣಿತವೊಂದೇ ನಾನೂರು ದಾಟುತ್ತದೆ, ಒತ್ತಕ್ಷರ ಬೇರೆ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಕನ್ನಡ ಮಾಧ್ಯಮದ ಮಕ್ಕಳು ಓದು ಕಲಿಯುವ ವೇಗವನ್ನು ನೋಡಿ 2007ರಲ್ಲಿ ಬರೆದ ಪ್ರಬಂಧದ ಪ್ರಕಾರ, ಅಕ್ಷರಜ್ಞಾನ ಒಂದು–ಎರಡನೇ ತರಗತಿಗೆ ಮುಗಿಯುವ ವಿಷಯವೇ ಅಲ್ಲ. ನಾಲ್ಕನೇ ತರಗತಿಯ ತನಕ ಮಕ್ಕಳು ಅದನ್ನು ಗಳಿಸಿಕೊಳ್ಳುತ್ತಲೇ ಇರುತ್ತಾರೆ. ಅಂದರೆ 'ಸ್ತ್ರೀ', 'ರಾಷ್ಟ್ರ' ಎದುರಾದಾಗ ತಡವರಿಸುವ ಎಂಟು ವರ್ಷದ ಹುಡುಗಿ ಹಿಂದೆ ಬಿದ್ದವಳಲ್ಲ, ದಾರಿಯಲ್ಲಿದ್ದಾಳೆ. ಮನೆಯಲ್ಲಿ ಗೋಡೆ ಕ್ಯಾಲೆಂಡರ್ ಬಿಟ್ಟರೆ ಅಚ್ಚಾದ ಅಕ್ಷರವೇ ಇಲ್ಲದಿದ್ದರೆ ಆ ದಾರಿ ಇನ್ನಷ್ಟು ಉದ್ದ, ಅಷ್ಟೇ.

ಹುಟ್ಟಿದ ತಿಂಗಳೂ ಅಂಕದೊಳಗೆ ನುಸುಳುತ್ತದೆ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮ ನಮ್ಮಲ್ಲಿ 2025–26ರಿಂದ ಜಾರಿಗೆ ಬರಬೇಕಿತ್ತು. ಯುಕೆಜಿ ಮುಗಿಸಿದ ಮಕ್ಕಳ ಪೋಷಕರು ಒಂದು ವರ್ಷ 'ವೇಸ್ಟ್' ಆಗುತ್ತದೆಂದು ಗದ್ದಲ ಎಬ್ಬಿಸಿದರು. ಆ ಒಂದು ಸಾಲಿಗೆ ಮಾತ್ರವೆಂದು ಸರ್ಕಾರ ಐದು ವರ್ಷ ಐದು ತಿಂಗಳಿಗೆ ಇಳಿಸಿತು. ನನಗೆ ಪೋಷಕರ ಆತುರ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. ಐದೂವರೆ ವರ್ಷದ ಮಗುವಿಗೆ ಏಳು ತಿಂಗಳೆಂದರೆ ಬದುಕಿದ್ದರ ಹತ್ತನೇ ಒಂದು ಪಾಲು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2012ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ. ಅಲ್ಲಿ ಶಾಲೆಗೆ ಸೇರಿಸುವ ಗಡಿ ಡಿಸೆಂಬರ್ 31. ಡಿಸೆಂಬರಿನಲ್ಲಿ ಹುಟ್ಟಿ ತರಗತಿಗೆ ಕಿರಿಯರಾದ ಹುಡುಗರಿಗೆ, ಜನವರಿಯಲ್ಲಿ ಹುಟ್ಟಿದ ಹುಡುಗರಿಗಿಂತ ಶೇ 30ರಷ್ಟು ಹೆಚ್ಚಾಗಿ ಎಡಿಎಚ್‌ಡಿ ಎಂಬ ಗಮನಕೊರತೆಯ ಕಾಯಿಲೆಯ ಹಣೆಪಟ್ಟಿ ಬಿದ್ದಿತ್ತು. ಹುಡುಗಿಯರಲ್ಲಿ ಶೇ 70ರಷ್ಟು ಹೆಚ್ಚು. ಇನ್ನೂ ಚಿಕ್ಕವರಾಗಿದ್ದದ್ದೇ ಅವರಲ್ಲಿ ಅನೇಕರ ಕಾಯಿಲೆ.

ಇನ್ನು ಮನೆಯ ವಿಷಯ. ಎರಡಂಕಿಯ ಕಳೆಯುವ ಲೆಕ್ಕ ಮಾಡುವಾಗ ಮಗು ಏನು ಮಾಡುತ್ತದೆ? ಮೂರರಲ್ಲಿ ಎಂಟು ಹೋಗುವುದಿಲ್ಲ, ಪಕ್ಕದಿಂದ ಒಂದು ದಶಕ ತೆಗೆದುಕೊಳ್ಳಬೇಕು, ಪಕ್ಕದ್ದು ಒಂದು ಕಡಿಮೆಯಾದದ್ದನ್ನು ನೆನಪಿಟ್ಟುಕೊಳ್ಳಬೇಕು, ಹದಿಮೂರರಲ್ಲಿ ಎಂಟು ಕಳೆಯಬೇಕು. ಇಷ್ಟನ್ನೂ ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಡುವ ಜಾಗ ಎಲ್ಲರ ತಲೆಯಲ್ಲೂ ಸಣ್ಣದೇ. ಭಯವೋ ಚಿಂತೆಯೋ ಆ ಜಾಗದಲ್ಲಿ ಕಾಲು ಚಾಚಿ ಕೂತರೆ ಲೆಕ್ಕಕ್ಕೆ ಜಾಗ ಸಾಲುವುದಿಲ್ಲ. ಆಪತ್ತಿನಲ್ಲಿ ಮೈ ಸುರಿಸುವ ಕಾರ್ಟಿಸಾಲ್ ಎಂಬ ರಸ ಸ್ವಲ್ಪ ಹೊತ್ತಿನ ಮಟ್ಟಿಗೆ ಒಳ್ಳೆಯದೇ. ನಾಯಿ ಅಟ್ಟಿಸಿಕೊಂಡು ಬಂದಾಗ ಓಡಿಸುತ್ತದೆ. ತಿಂಗಳುಗಟ್ಟಲೆ ಇಳಿಯದೆ ನಿಂತರೆ ನಿದ್ದೆ, ನೆನಪು, ಗಮನ ಮೂರಕ್ಕೂ ಏಟು. 'ಇವನು ಮನೇಲಿ ಎಲ್ಲಾ ಹೇಳ್ತಾನೆ ಮಿಸ್, ಪರೀಕ್ಷೆಲಿ ಮಾತ್ರ ಬರೆಯಲ್ಲ' ಎಂದು ಪಾಲಕರ ಸಭೆಯಲ್ಲಿ ತಾಯಂದಿರು ಹೇಳುವುದನ್ನು ಕೇಳಿ ನಗುವವರುಂಟು. ಬಹಳ ಸಲ ಆ ತಾಯಿ ಹೇಳುವುದು ನಿಜವೇ.

ಚಿಂತೆ ದೊಡ್ಡವರ ಬುದ್ಧಿಯನ್ನೂ ತಿನ್ನುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ರಾಜ್ಯದ ಕಬ್ಬಿನ ಗದ್ದೆಯಲ್ಲೇ ಒಂದು ಸಾಕ್ಷಿ ಇದೆ. ತಮಿಳುನಾಡಿನ ವಿಳುಪುರಂ, ತಿರುವಣ್ಣಾಮಲೈ ಜಿಲ್ಲೆಗಳ 54 ಹಳ್ಳಿಗಳಲ್ಲಿ 464 ಸಣ್ಣ ಕಬ್ಬು ಬೆಳೆಗಾರರನ್ನು ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವೊ ಎಂಬ ಸಂಶೋಧಕರು ಎರಡೆರಡು ಸಲ ಪರೀಕ್ಷಿಸಿದರು: ಕಟಾವಿಗೆ ಮುಂಚೆ ಒಮ್ಮೆ, ಕಾರ್ಖಾನೆಯ ದುಡ್ಡು ಕೈಗೆ ಬಂದ ಮೇಲೆ ಒಮ್ಮೆ. ವರ್ಷಕ್ಕೊಮ್ಮೆ ದುಡ್ಡು ಕಾಣುವ ರೈತ ಕಟಾವಿಗೆ ಮುಂಚೆ ಬಡವ, ಆಮೇಲೆ ಅದೇ ರೈತ ಸ್ವಲ್ಪ ಉಳ್ಳವ. ಮಂಡ್ಯ, ಬೆಳಗಾವಿಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಒಡವೆ ಅಡವಿಟ್ಟು ದಿನ ದೂಡುತ್ತಿದ್ದ ತಿಂಗಳುಗಳಲ್ಲಿ ಅದೇ ವ್ಯಕ್ತಿ ಚಿತ್ರ ಜೋಡಿಸುವ ತರ್ಕದ ಒಗಟುಗಳಲ್ಲಿ ಕಡಿಮೆ ಅಂಕ ತೆಗೆದ. ಸಾಲ ತೀರಿದ ಮೇಲೆ ಹೆಚ್ಚು ತೆಗೆದ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಬಂದಾಗ ಅಂಕಿಅಂಶದ ವಿಧಾನದ ಮೇಲೆ ಕೆಲವರು ತಕರಾರು ಎತ್ತಿದರು. ಎರಡನೇ ಸಲದ ಪರೀಕ್ಷೆ ಯಾರಿಗಾದರೂ ಸುಲಭವಲ್ಲವೇ ಎಂಬಂಥ ಪ್ರಶ್ನೆಗಳು ಎದ್ದವು, ಉತ್ತರಗಳೂ ಬಂದವು. ಅದೇನೇ ಇರಲಿ, ಬಡತನದಲ್ಲಿರುವವರ ಬುದ್ಧಿಯೇ ಅಷ್ಟು ಎನ್ನುವ ಹಳೆಯ ಮಾತನ್ನು ಒಂದೇ ಮನುಷ್ಯನ ಎರಡು ಋತುಗಳಿಂದ ಪ್ರಶ್ನಿಸಿದ ಆ ಉಪಾಯ ನನಗೆ ಇಷ್ಟ.

ದೊಡ್ಡವರ ಸಾಲ ಮಗುವಿನ ಮೈಗೆ ಇಳಿಯುವ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಹುಡುಕಿದ್ದು ಅಮೆರಿಕದ ಅಯೋವಾ ರಾಜ್ಯದಲ್ಲಿ. 1980ರ ದಶಕದಲ್ಲಿ ಅಲ್ಲಿನ ಜಮೀನಿನ ಬೆಲೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ಬೆಲೆ ಏರುತ್ತಿದ್ದಾಗ ಜಮೀನು ಅಡವಿಟ್ಟು ಸಾಲ ಮಾಡಿದ್ದ ರೈತರು ಬಡ್ಡಿ ಕಟ್ಟಲಾಗದೆ ಹೊಲ ಕಳೆದುಕೊಂಡರು, ಅವರನ್ನು ನಂಬಿದ ಸಣ್ಣ ಊರುಗಳ ಅಂಗಡಿಗಳೂ ಮುಚ್ಚಿದವು. ರ‍್ಯಾಂಡ್ ಕಾಂಗರ್ ಮತ್ತು ಗ್ಲೆನ್ ಎಲ್ಡರ್ 1989ರಿಂದ ಅಂಥ ಊರುಗಳ 451 ಕುಟುಂಬಗಳನ್ನು ಹಿಂಬಾಲಿಸಿದರು. ಪ್ರತಿ ಮನೆಯಲ್ಲೂ ಏಳನೇ ತರಗತಿಯ ಒಂದು ಮಗು. ಮನೆಯವರು ಕೂತು ಮಾತಾಡುವುದನ್ನು ವಿಡಿಯೊ ಮಾಡಿಕೊಂಡು ಅಧ್ಯಯನ ಮಾಡಿದರು. ಎಲ್ಡರ್ ಅದಕ್ಕೂ ಮುಂಚೆ 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಬೆಳೆದ ಮಕ್ಕಳ ಮೇಲೆ ಪುಸ್ತಕ ಬರೆದಿದ್ದವರು.

ಅವರು ಕಂಡದ್ದಿಷ್ಟು. ಆದಾಯ ಇಳಿದದ್ದು ನೇರವಾಗಿ ಮಗುವನ್ನು ಮುಟ್ಟುವುದಿಲ್ಲ. ಬಿಲ್ಲು ಕಟ್ಟಲಾಗದ, ಬೇಕಾದ್ದನ್ನು ತರಲಾಗದ ದಿನನಿತ್ಯದ ಇರುಕು ಮೊದಲು ತಂದೆತಾಯಿಯ ಮನಸ್ಸನ್ನು ಕುಗ್ಗಿಸುತ್ತದೆ. ಕುಗ್ಗಿದ ಮನಸ್ಸು ಗಂಡಹೆಂಡಿರ ನಡುವೆ ಸಿಡುಕಾಗುತ್ತದೆ. ಆ ಸಿಡುಕು ಮಗುವಿನ ಕಡೆಗೆ ತಿರುಗಿ, ಬೈಗುಳವಾಗಿ, ಏಟಾಗಿ, ಇಲ್ಲವೇ ಗಮನವೇ ಇಲ್ಲದ ಮೌನವಾಗಿ ಬರುತ್ತದೆ. ಮಗು ಮಂಕಾಗುತ್ತದೆ ಅಥವಾ ಪುಂಡಾಗುತ್ತದೆ, ಓದು ಹಿಂದೆ ಬೀಳುತ್ತದೆ. ಇದನ್ನು ಕೌಟುಂಬಿಕ ಒತ್ತಡದ ಮಾದರಿ ಎಂದು ಕರೆದರು. ಈ ಸರಪಳಿಯಲ್ಲಿ ನಡುವಿನ ಕೊಂಡಿ ತುಂಡಾದರೆ ಮುಂದಿನದ್ದು ಎಳೆಯುವುದಿಲ್ಲ. ಅಷ್ಟೇ ಸಾಲವಿದ್ದೂ ಒಬ್ಬರಿಗೊಬ್ಬರು ಆಸರೆಯಾಗಿ ನಿಂತ ದಂಪತಿಗಳ ಮನೆಯಲ್ಲಿ ಮಗುವಿನ ತನಕ ಬರುವ ಪೆಟ್ಟು ಕಡಿಮೆಯಿತ್ತು.

ಮಗು ಚಿಕ್ಕದು, ಅದಕ್ಕೇನು ತಿಳಿಯುತ್ತದೆ ಎನ್ನುವವರಿಗೆ ಅಮೆರಿಕದ ಆರೆಗಾನ್‌ನಲ್ಲಿ ನಡೆದ ಸಣ್ಣ ಪ್ರಯೋಗವೊಂದನ್ನು ಹೇಳಬೇಕು. ಆರರಿಂದ ಹನ್ನೆರಡು ತಿಂಗಳ ಇಪ್ಪತ್ತು ಕೂಸುಗಳನ್ನು ನಿದ್ದೆ ಹೋದ ಮೇಲೆ ಮಿದುಳಿನ ಸ್ಕ್ಯಾನಿನಲ್ಲಿ ಮಲಗಿಸಿ, ಅರ್ಥವಿಲ್ಲದ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದರು. ಸಿಟ್ಟಿನ ದನಿಗೆ, ಜಗಳ ಹೆಚ್ಚಿರುವ ಮನೆಗಳ ಕೂಸುಗಳ ಮಿದುಳು ನಿದ್ದೆಯಲ್ಲೇ ಹೆಚ್ಚು ಮಿಡಿಯಿತು. 2013ರಲ್ಲಿ ಪ್ರಕಟವಾದ ಇದು ಇಪ್ಪತ್ತೇ ಕೂಸುಗಳ ಅಧ್ಯಯನ, ಇದರ ಮೇಲೆ ಮಹಲು ಕಟ್ಟಬೇಕಿಲ್ಲ. ಗೋವಾದ್ದು ಇನ್ನೂ ಹತ್ತಿರದ ಉದಾಹರಣೆ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದಂತೆ, ಹೆರಿಗೆಯ ನಂತರ ಖಿನ್ನತೆಗೆ ಒಳಗಾದ ತಾಯಂದಿರ ಕೂಸುಗಳು ಆರು ತಿಂಗಳಾಗುವ ಹೊತ್ತಿಗೆ ತೂಕದಲ್ಲೂ ಉದ್ದದಲ್ಲೂ ಹಿಂದಿದ್ದವು. ಬಾಣಂತಿಗೆ ಕೊಬ್ಬರಿ, ಬೆಲ್ಲ, ಅಂಟಿನುಂಡೆ ಕೊಟ್ಟು ನೋಡಿಕೊಳ್ಳುವ ನಮ್ಮ ಮನೆಗಳಲ್ಲೂ 'ಯಾಕಮ್ಮ ಮಂಕಾಗಿದ್ದೀ' ಎಂದು ಕೇಳಿ ಉತ್ತರಕ್ಕೆ ಕಾಯುವವರು ಕಡಿಮೆ. ಕೂಸಿನ ತೂಕ ನೋಡುವ ಅಂಗನವಾಡಿಯಲ್ಲಿ ತಾಯಿಯ ಮನಸ್ಸಿಗೆ ತಕ್ಕಡಿ ಇಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ 'ಮನೋಚೈತನ್ಯ' ಮಾನಸಿಕ ಆರೋಗ್ಯ ಕ್ಲಿನಿಕ್ ಇರುವುದು ಎಷ್ಟು ಬಾಣಂತಿಯರ ಕಿವಿಗೆ ಬಿದ್ದಿರಬಹುದು?

ಹಾಗಾದರೆ ಮನೆಯ ಇರುಕು ಸಡಿಲಿಸಿದರೆ ಮಗು ಚೇತರಿಸಿಕೊಳ್ಳುತ್ತದೆಯೇ? ಇದನ್ನು ಪ್ರಯೋಗ ಮಾಡಿ ನೋಡುವುದು ಕಷ್ಟ. ಊರಿಗೆ ಊರೇ ದುಡ್ಡು ಹಂಚುವವರು ಯಾರು? ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಅದು ತಾನಾಗಿ ನಡೆಯಿತು. ಜೇನ್ ಕಾಸ್ಟೆಲೊ ಎಂಬ ಸಂಶೋಧಕಿ 1993ರಿಂದ ಅಲ್ಲಿನ ಗ್ರೇಟ್ ಸ್ಮೋಕಿ ಬೆಟ್ಟಗಳ ಸೀಮೆಯ 1,420 ಮಕ್ಕಳ ಮಾನಸಿಕ ಆರೋಗ್ಯವನ್ನು ವರ್ಷವರ್ಷವೂ ದಾಖಲಿಸುತ್ತಿದ್ದರು. ಅವರಲ್ಲಿ ಕಾಲು ಭಾಗದಷ್ಟು ಚೆರೊಕಿ ಎಂಬ ಮೂಲನಿವಾಸಿಗಳ ಮಕ್ಕಳು. ಅಧ್ಯಯನದ ನಡುವೆಯೇ ಚೆರೊಕಿಗಳ ನೆಲದಲ್ಲಿ ಕ್ಯಾಸಿನೊ ಬಂತು. ಅದರ ಲಾಭದಲ್ಲಿ ಬುಡಕಟ್ಟಿನ ಪ್ರತಿಯೊಬ್ಬರಿಗೂ ಪಾಲು, ಆರು ತಿಂಗಳಿಗೊಮ್ಮೆ, ಯಾವ ಷರತ್ತೂ ಇಲ್ಲದೆ. ಜೂಜುಕಟ್ಟೆಯನ್ನು ಹೊಗಳುವ ಇರಾದೆ ನನಗಿಲ್ಲ. ಆದರೆ 2003ರ ವರದಿ ಹೇಳಿದ್ದು ಹೀಗೆ: ಬಡತನದ ರೇಖೆ ದಾಟಿದ ಮನೆಗಳ ಮಕ್ಕಳಲ್ಲಿ ಹೊಡೆದಾಟ, ಹಟ, ಮುರಿಯುವ–ಒಡೆಯುವ ನಡವಳಿಕೆ, ಎಂದೂ ಬಡತನ ಕಾಣದ ಮಕ್ಕಳ ಮಟ್ಟಕ್ಕೆ ಇಳಿಯಿತು. ಆತಂಕ, ಖಿನ್ನತೆ ಮಾತ್ರ ಅಷ್ಟಾಗಿ ಬದಲಾಗಲಿಲ್ಲ. ಯಾಕೆಂದು ಕೆದಕಿದಾಗ ಎದ್ದು ಕಂಡದ್ದು ಒಂದೇ ಕಾರಣ, ಮಕ್ಕಳ ಮೇಲೆ ಕಣ್ಣಿಡಲು ಅಪ್ಪ ಅಮ್ಮನಿಗೆ ಬಿಡುವು ಸಿಕ್ಕಿತ್ತು.

ಇಲ್ಲಿ ನಮ್ಮ ಗೃಹಲಕ್ಷ್ಮಿ ನೆನಪಾಗದೆ ಇರುವುದಿಲ್ಲ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಈ ಯೋಜನೆ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುತ್ತದೆ. ಬಿಟ್ಟಿ ಭಾಗ್ಯವೆಂದು ಜರೆಯುವವರೂ ಚುನಾವಣೆಯ ಲೆಕ್ಕದಲ್ಲಿ ಮೆಚ್ಚುವವರೂ ಅದನ್ನು ಮಕ್ಕಳ ಯೋಜನೆಯೆಂದು ನೋಡಿದ್ದು ಕಡಿಮೆ. ಚೆರೊಕಿಗಳ ಅನುಭವವನ್ನು ಹಾಗೆಯೇ ಇಲ್ಲಿಗೆ ಅಂಟಿಸಲು ಬರುವುದಿಲ್ಲ. ಮೊತ್ತ ಬೇರೆ, ಸಮಾಜ ಬೇರೆ. ಆದರೂ ಶಾಲೆಯ ಹಾಜರಿ, ಮಗುವಿನ ತೂಕ, ಮನೆಯ ಜಗಳ ಇವುಗಳ ಮೇಲೆ ಆ ಹಣ ಏನು ಮಾಡಿತೆಂದು ಸರ್ಕಾರ ನೋಡಬೇಕು. ಕಂತು ತಿಂಗಳುಗಟ್ಟಲೆ ತಡವಾದರೆ ಉಪಯೋಗ ಅರ್ಧ ಹೋಯಿತು ಎಂಬುದನ್ನಂತೂ ಅಯೋವಾದ ಮನೆಗಳಿಂದಲೇ ಊಹಿಸಬಹುದು. ಇಷ್ಟು ತಾರೀಕಿಗೆ ಇಷ್ಟು ಬರುತ್ತದೆ ಎಂಬ ಭರವಸೆ, ಬರುವ ಮೊತ್ತದಷ್ಟೇ ಮುಖ್ಯ.

ದೇಹದ ಕತೆಯನ್ನು ಇಲ್ಲಿ ಬೆಳೆಸುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ರಕ್ತಹೀನತೆ ಮೂವರಲ್ಲಿ ಇಬ್ಬರಿಗೆ. ಅಕ್ಷರ ದಾಸೋಹದ ಊಟ, ಕ್ಷೀರಭಾಗ್ಯದ ಹಾಲು, ಈಚೆಗೆ ಮೊಟ್ಟೆ, ಇವೆಲ್ಲ ಶಾಲೆಯೊಳಗಿನ ಕಲಿಕಾ ಸಾಮಗ್ರಿಗಳೇ. ಹಸಿದ ಮಗುವಿಗೆ ಎಷ್ಟು ಒಳ್ಳೆಯ ಪ್ರಶ್ನೆಪತ್ರಿಕೆ ಕೊಟ್ಟರೇನು.

ಯಾದಗಿರಿ, ಕಲಬುರಗಿ, ರಾಯಚೂರು, ವಿಜಯಪುರದ ಮೇಷ್ಟ್ರುಗಳು ಇನ್ನೊಂದನ್ನು ಹೇಳುತ್ತಾರೆ, ಗುಳೆ. ಮಳೆ ಕೈಕೊಟ್ಟರೆ ಮನೆಗೆ ಬೀಗ. ಬೆಂಗಳೂರು, ಮುಂಬೈ, ಗೋವಾದ ಕಟ್ಟಡ ಕೆಲಸಕ್ಕೋ ಕಬ್ಬು ಕಡಿಯಲಿಕ್ಕೋ ಕುಟುಂಬ ಹೊರಡುತ್ತದೆ. ಮಗು ಜೊತೆಗೆ ಹೋದರೆ ಪಾಠ ತಪ್ಪಿತು, ಅಜ್ಜಿಯ ಬಳಿ ಉಳಿದರೆ ಅಪ್ಪ ಅಮ್ಮ ತಪ್ಪಿದರು. ನವೆಂಬರಿನಲ್ಲಿ ಹೋದ ಹುಡುಗ ಯುಗಾದಿಗೆ ಬಂದು ವರ್ಷದ ಕೊನೆಯ ಎಸ್‌ಎ–2 ಬರೆಯುತ್ತಾನೆ. ಮಕ್ಕಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶದಲ್ಲಿ ಅವನ ಅಂಕ ತುಂಬಲು ಒಂದು ಅಂಕಣವಿದೆ, ಗುಳೆ ಹೋಗಿದ್ದನೆಂದು ಆ ಅಂಕದ ಪಕ್ಕದಲ್ಲಿ ಬರೆಯಲು ಜಾಗವಿಲ್ಲ. ಉದ್ಯೋಗ ಖಾತ್ರಿಯ ಕೆಲಸ ಊರಲ್ಲೇ ಸಿಕ್ಕರೆ, ಎಳೆಯ ಕೂಸುಗಳಿಗೆ ಪಂಚಾಯಿತಿಯ 'ಕೂಸಿನ ಮನೆ' ನಿಜವಾಗಿ ಬಾಗಿಲು ತೆರೆದಿದ್ದರೆ, ಅಂಥ ಮನೆಯ ಅಕ್ಕ ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಳ್ಳಬೇಕಿಲ್ಲ. ಕಲಿಕೆಯ ಮಟ್ಟ ಏರಿಸುವ ಸಭೆಗಳಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ಕರೆದದ್ದನ್ನು ನಾನಂತೂ ಕೇಳಿಲ್ಲ.

ಒತ್ತಡ ಬಡವರ ಮನೆಯ ಸ್ವತ್ತೇನಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮನೆ ಸಾಲದ ಇಎಂಐ, ಇಬ್ಬರ ಕೆಲಸ, ಆರನೇ ತರಗತಿಗೇ ಐಐಟಿ ಫೌಂಡೇಶನ್ ಕೋರ್ಸು. ಅಲ್ಲಿ ಸರಪಳಿ ತಿರುಗುಮುರುಗಾಗಿ ಎಳೆಯುತ್ತದೆ: ಮಗುವಿನ ಅಂಕವೇ ಮನೆಯ ಒತ್ತಡಕ್ಕೆ ಕಾರಣ. ಯೂನಿಟ್ ಟೆಸ್ಟಿನ ಅಂಕ ಮೊಬೈಲ್ ಆ್ಯಪಿಗೆ ಬಂದ ಸಂಜೆ ಅಡುಗೆಮನೆಯಲ್ಲಿ ಪಾತ್ರೆಗಳು ಜೋರಾಗಿ ಮಾತಾಡುತ್ತವೆ. 'ನೀವು ಒಂದು ದಿನ ಆದ್ರೂ ಕೂರಿಸ್ಕೊಂಡು ಹೇಳ್ಕೊಟ್ಟಿದ್ದೀರಾ?' ಎಂದು ಅಮ್ಮ, 'ಟ್ಯೂಷನ್‌ಗೆ ದುಡ್ಡು ಕಟ್ತಿರೋದು ಯಾರು?' ಎಂದು ಅಪ್ಪ. ತನ್ನ ಹದಿನೆಂಟು ಅಂಕದಿಂದ ಇವರಿಬ್ಬರು ಮಾತು ಬಿಟ್ಟರೆಂದು ಒಳಕೋಣೆಯ ಹುಡುಗಿ ಲೆಕ್ಕ ಹಾಕುತ್ತಾಳೆ. ಮುಂದಿನ ಪರೀಕ್ಷೆಯಲ್ಲಿ ಅವಳ ತಲೆಯೊಳಗಿನ ಆ ಪುಟ್ಟ ಜಾಗದಲ್ಲಿ ಕೂರುವುದು ಬೀಜಗಣಿತವಲ್ಲ. ಜಗಳವೇ ಆಡದ ಮನೆ ಬೇಕೆಂದು ಯಾವ ಮನಶ್ಶಾಸ್ತ್ರಜ್ಞರೂ ಹೇಳುವುದಿಲ್ಲ. ಮಕ್ಕಳ ಎದುರಿಗೆ ಶುರುವಾದದ್ದು ಮಕ್ಕಳ ಎದುರಿಗೇ ಬಗೆಹರಿಯಲಿ ಎನ್ನುತ್ತಾರೆ. ರಾಜಿಯಾದದ್ದನ್ನು ಕಂಡ ಮಗು ಅಷ್ಟಾಗಿ ಹೆದರುವುದಿಲ್ಲ.

ಇಷ್ಟೆಲ್ಲ ಓದಿ 'ಹಾಗಾದರೆ ಇಂಥ ಮನೆಯ ಮಗು ಮುಗಿಯಿತು' ಎಂದುಕೊಂಡರೆ ಅದೂ ಬಿನೆ ಹೆದರಿದ ಹಣೆಬರಹದ ಓದೇ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ದಶಕಗಳ ಕಾಲ ನೋಡಿದರು. ಬಡತನ, ಕುಡಿತ, ಒಡೆದ ಸಂಸಾರ ಹೀಗೆ ಹಲವು ಹೊರೆ ಒಟ್ಟಿಗೆ ಹೊತ್ತವರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿ ಗಟ್ಟಿಯಾಗಿಯೇ ಬೆಳೆದು ನಿಂತರು. ಅಂಥವರ ಬಾಲ್ಯದಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದದ್ದು ಅಪ್ಪ ಅಮ್ಮನಲ್ಲದ ಇನ್ನೊಬ್ಬರ ಆಸರೆ: ಅಜ್ಜಿ, ಚಿಕ್ಕಪ್ಪ, ನೆರೆಯವರು, ಒಬ್ಬ ಮೇಷ್ಟ್ರು.

ಅಂಥ ಮೇಷ್ಟ್ರಾಗಲು ಬಿಡುವು ಬೇಕಲ್ಲ. ನಮ್ಮಲ್ಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ–ಕಲಿ, ಕಲಿಕಾ ಏಣಿಯ ಮೇಲೆ ಪ್ರತಿ ಮಗು ಎಲ್ಲಿದೆಯೋ ಅಲ್ಲಿಂದಲೇ ಮುಂದೆ ನಡೆಸುವ ಪದ್ಧತಿ. ಎರಡು ವಾರ ಜ್ವರ ಬಂದು ಮಲಗಿದ ಹುಡುಗಿ ವಾಪಸ್ ಬಂದು ತಾನು ಬಿಟ್ಟ ಕಲಿಕಾ ಕಾರ್ಡಿನಿಂದ ಶುರುಮಾಡುತ್ತಾಳೆ. ಫೇಲೂ ಇಲ್ಲ, ನಾಚಿಕೆಯೂ ಇಲ್ಲ. ಗೋಡೆಯ ಪ್ರಗತಿ ನೋಟವೇ ಮೌಲ್ಯಮಾಪನ. ಪಕ್ಕದಲ್ಲಿ ಕೂತು ನೋಡುವ ಈ ಬಗೆಯ ಅಳತೆಯಲ್ಲಿ ಮಗು ಯಾಕೆ ತಡವರಿಸಿತೆಂದು ಮೇಷ್ಟ್ರಿಗೆ ಅದೇ ದಿನ ಗೊತ್ತಾಗುತ್ತದೆ. ಮಂಡಳಿಯಿಂದ ಬರುವ ಪ್ರಶ್ನೆಪತ್ರಿಕೆಗೆ ಆ ಗುಣವಿಲ್ಲ, ಅದು ಜಿಲ್ಲೆ–ರಾಜ್ಯದ ಲೆಕ್ಕಕ್ಕೆ ಸರಿ. ಎರಡು ಕೆಲಸಕ್ಕೆ ಎರಡು ಸಾಧನ ಎಂದು 2024ರಲ್ಲಿ ಯಾರಾದರೂ ಗಟ್ಟಿಯಾಗಿ ಹೇಳಿದ್ದರೆ ರಾಜ್ಯದ ಕಲಿಕೆ ತಿಳಿಯಲು ಕೆಲವು ಶಾಲೆಗಳ ಮಾದರಿ ಸಮೀಕ್ಷೆ ಸಾಕಿತ್ತು. ಇಡೀ ರಾಜ್ಯದ ಮಕ್ಕಳು ಸುಪ್ರೀಂ ಕೋರ್ಟಿನ ಕಡೆ ನೋಡುತ್ತ ಕೂರಬೇಕಿರಲಿಲ್ಲ. ಆದರೆ ಒಬ್ಬರೇ ಮೇಷ್ಟ್ರು ಮೂರು ತರಗತಿ, ಸ್ಯಾಟ್ಸ್ ಎಂಟ್ರಿ, ಮೊಟ್ಟೆ ಲೆಕ್ಕ, ಚುನಾವಣೆ ಕೆಲಸ ಎಲ್ಲ ನೋಡಿಕೊಂಡು ಮಗುವಿನ ಪಕ್ಕ ಕೂರುವುದು ಯಾವಾಗ? ಎಫ್‌ಎ–1ರಿಂದ ಎಫ್‌ಎ–4ರ ತನಕದ ರೂಪಣಾತ್ಮಕ ಮೌಲ್ಯಮಾಪನಗಳ ಕೃತಿ ಸಂಪುಟಗಳು ಎಷ್ಟೋ ಕಡೆ ಭೇಟಿಗೆ ಬರುವ ಅಧಿಕಾರಿಗಾಗಿಯೇ ತುಂಬುತ್ತವೆ.

ಎಸ್‌ಎ ಎಂಬ ಸಂಕಲನಾತ್ಮಕ ಮೌಲ್ಯಮಾಪನದ ನಂತರ ನಮ್ಮ ಸರ್ಕಾರಿ ಶಾಲೆಗಳಲ್ಲಿ 'ಸಮುದಾಯದತ್ತ ಶಾಲೆ' ನಡೆಯುತ್ತದೆ. ಅಪ್ಪ ಅಮ್ಮಂದಿರನ್ನು ಕರೆದು ಮಗುವಿನ ಉತ್ತರಪತ್ರಿಕೆ ತೋರಿಸುವ ದಿನ. ಒಳ್ಳೆಯ ಏರ್ಪಾಡು. ಮನೆ ಮತ್ತು ಅಂಕಪಟ್ಟಿ ಎದುರುಬದುರು ಕೂರುವುದು ವರ್ಷದಲ್ಲಿ ಅಲ್ಲೇ. 'ನಿಮ್ಮ ಹುಡುಗ ಗಣಿತದಲ್ಲಿ ವೀಕು' ಎನ್ನುವ ಬದಲು 'ದಸರಾ ಆದ ಮೇಲೆ ಇವನು ಮೊದಲಿನ ಹಾಗಿಲ್ಲ, ಮನೇಲಿ ಏನಾದ್ರೂ ಆಗಿತ್ತೇನಮ್ಮ?' ಎಂದು ಮೇಷ್ಟ್ರು ಕೇಳಬಹುದು. ಎಲ್ಲರ ಎದುರಿಗಲ್ಲ, ಕೊಠಡಿಯ ಆಚೆ ಕರೆದು. ಉತ್ತರ ಬಂದರೆ ಅದನ್ನು ಸ್ಟಾಫ್ ರೂಮಿಗೆ ಒಯ್ಯಬಾರದು. ತಾಲ್ಲೂಕಿನ ಮಂಗಳವಾರದ ಕ್ಲಿನಿಕ್ಕಿನ ವಿಳಾಸವನ್ನು ಶಾಲೆಯ ಗೋಡೆಗೆ ಅಂಟಿಸಲು ಹೊಸ ಸುತ್ತೋಲೆಯ ಅಗತ್ಯವೂ ಇಲ್ಲ. ಮತ್ತೆ, ಈ ಸಭೆ ಕೆಲಸದ ದಿನದ ಹಗಲು ಹೊತ್ತಿನಲ್ಲಿ ಇರುವುದರಿಂದ ಬರುವ ತಾಯಿ ಒಂದು ದಿನದ ಕೂಲಿ ಬಿಟ್ಟು ಬರುತ್ತಾಳೆ, ಯಾರಿಗೆ ಹೆಚ್ಚು ಬೇಕೋ ಅವರು ಬರುವುದೇ ಇಲ್ಲ. ಊರಲ್ಲಿ ಕೂಲಿ ಕೆಲಸ ಇಲ್ಲದ ದಿನವೋ, ಕೆಲಸ ಬಿಟ್ಟು ಬಂದ ಮೇಲಿನ ಸಂಜೆ ಆರು ಗಂಟೆಯೋ ಆದೀತೇ ಎಂದು ಶಾಲಾಭಿವೃದ್ಧಿ ಸಮಿತಿ ಆಯಾ ಊರಲ್ಲೇ ತೀರ್ಮಾನಿಸಿಕೊಳ್ಳಲು ಬಿಟ್ಟರೆ ಸಾಕು.